ಪರಭಾಷಾಶಿಕ್ಷಣದಲ್ಲಿ ಸಹಜಪಾಠ

ಪರಭಾಷೆಯೊಂದನ್ನು ಕಲಿಯಹೊರಟ ಪ್ರೌಢನಿಗೆ ಮೊದಲ ಪಾಠವಾಗಿ ಏನನ್ನು ಕೊಡತಕ್ಕದ್ದು? ಆ ಭಾಷೆಯವರು ತಮ್ಮತಮ್ಮೊಳಗೆ, ತಮ್ಮದೇ ಪ್ರಯೋಜನಕ್ಕಾಗಿ ಬರೆದುಕೊಂಡ ಬರಹವನ್ನೋ, ಅಥವಾ ಉಪಾಧ್ಯಾಯನು ವ್ಯಾಕರಣದ ಮೆಟ್ಟಲುಗಳಿಗೆ ಹೊಂದುವಂತೆ ಹೊಸೆದುಕೊಟ್ಟ ವಾಕ್ಯಗಳನ್ನೋ? ಮೊದಲನೆಯದನ್ನು ಸಹಜಪಾಠವೆಂದೂ ಎರಡನೆಯದನ್ನು ಕಲ್ಪಿತಪಾಠವೆಂದೂ ಕರೆಯಬಹುದು. ಇದು ಪಾಠಶಾಲೆಯ ಒಳಜಗಳವೆಂದು ತೋರಿದರೂ ವಸ್ತುತಃ ಸಾಹಿತ್ಯವಿಮರ್ಶೆಗೆ ಸೇರಿದ ಪ್ರಶ್ನೆ. ಏಕೆಂದರೆ ಒಂದು ಜನವು ತನ್ನ ನುಡಿಯ ಯಾವ ತುಣುಕನ್ನು ಹೊರಗಿನವನ ಕೈಗೆ ಮೊದಲು ಇಡುತ್ತದೆಯೋ ಆ ತುಣುಕಿನಿಂದಲೇ ಅವನು ಆ ಜನವನ್ನು ಅಳೆಯತೊಡಗುತ್ತಾನೆ; ಆಮೇಲೆ ಎಷ್ಟು ಓದಿದರೂ ಮೊದಲ ಅಳತೆ ಬೇಗ ಬದಲಾಗುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಒಲ್ಲೆಂಡಾರ್ಫನೆಂಬವನ ಕ್ರಮವು ಬಹಳ ಪ್ರಚಾರಕ್ಕೆ ಬಂದಿತ್ತು. ಒಂದೊಂದು ನಿಯಮಕ್ಕೂ ಒಂದೊಂದು ಗುಚ್ಛ ಪ್ರಶ್ನೋತ್ತರ. ಒಬ್ಬನ ಟೋಪಿ, ಇನ್ನೊಬ್ಬನ ಕುದುರೆ, ಮತ್ತೊಬ್ಬನ ಚಾಕು. ಈ ವಾಕ್ಯಗಳಿಗೆ ಹಿಂದುಮುಂದಿಲ್ಲ, ಆಡುವವನಿಲ್ಲ, ಕೇಳುವವನಿಲ್ಲ. ವಿಭಕ್ತಿಯನ್ನು ತೋರಿಸುವುದೇ ಅವುಗಳ ಜನ್ಮಸಾರ್ಥಕ್ಯ. ಜರ್ಮನಿಯಲ್ಲಿ ವೀಟರನು 1882ರಲ್ಲಿ ಈ ಪದ್ಧತಿಯ ಮೇಲೆ ತೀಕ್ಷ್ಣವಾದ ಕಿರುಹೊತ್ತಗೆಯೊಂದನ್ನು ಹೊರಡಿಸಿದನು. ಇಂಗ್ಲೆಂಡಿನ ಹೆನ್ರಿ ಸ್ವೀಟನು 1899ರಲ್ಲಿ ಪ್ರಕಟವಾದ ತನ್ನ ಭಾಷಾಭ್ಯಾಸವಿಚಾರದ ಗ್ರಂಥದಲ್ಲಿ ಇನ್ನೂ ಆಳಕ್ಕೆ ಇಳಿದನು. ಅವನು ಕಂಡ ಇಕ್ಕಟ್ಟು ಇದು: ಗೊತ್ತಾದ ವ್ಯಾಕರಣಾಂಶಗಳನ್ನು ತುಂಬಬೇಕೆಂದು ಪಾಠವನ್ನು ಕಟ್ಟಿದರೆ ಅದು ಸಹಜತೆಯನ್ನು ಕಳೆದುಕೊಂಡು ಜೊಳ್ಳೋ ವಿಕಾರವೋ ಆಗುತ್ತದೆ, ಸಹಜವಾಗಿಯೇ ಬಿಟ್ಟರೆ ಬೇಕಾದ ವ್ಯಾಕರಣಾಂಶವು ಬೇಕಾದ ಕಡೆ ದೊರೆಯುವುದಿಲ್ಲ. ಈ ಇಕ್ಕಟ್ಟನ್ನು ಇಷ್ಟು ಸ್ಪಷ್ಟವಾಗಿ ಹೇಳಿದವರು ವಿರಳ.

ಇದಕ್ಕೆ ನಡುದಾರಿಯೊಂದನ್ನು ಹುಡುಕಿದವನು ಮೈಕೇಲ್ ವೆಸ್ಟ್. ಢಾಕಾ ನಗರದ ಉಪಾಧ್ಯಾಯರ ತರಬೇತಿ ಕಾಲೇಜಿನಲ್ಲಿ ಪ್ರಿನ್ಸಿಪಾಲನಾಗಿದ್ದ ಅವನು, ಬಂಗಾಳದ ಹುಡುಗನಿಗೆ ಇಂಗ್ಲೀಷಿನಿಂದ ಮುಖ್ಯವಾಗಿ ಬೇಕಾದದ್ದು ಓದುವ ಶಕ್ತಿಯೆಂದು ತಿಳಿದು, ಬಳಕೆಯಲ್ಲಿ ಹೆಚ್ಚಾಗಿರುವ ಶಬ್ದಗಳನ್ನೇ ಆಯ್ದು ಸರಳವಾಚಿಕೆಗಳನ್ನು ರಚಿಸಿದನು. 1953ರಲ್ಲಿ ಅವನು ಪ್ರಕಟಿಸಿದ ಸಾಮಾನ್ಯ ಶಬ್ದಪಟ್ಟಿಯಲ್ಲಿ ಸುಮಾರು 2,000 ಪದಗಳಿವೆ. ಉದ್ದೇಶವು ಪರಮಕಾರುಣಿಕವೇ. ಆದರೆ ಮಹಾಕಾದಂಬರಿಯೊಂದು ಎರಡು ಸಾವಿರ ಶಬ್ದಗಳ ಜರಡಿಯಿಂದ ಇಳಿದು ಬಂದಾಗ ಕಥೆ ಉಳಿಯುತ್ತದೆ, ಧ್ವನಿ ಉಳಿಯುವುದಿಲ್ಲ. ಸರಳೀಕರಣದ ಹೆಸರಿನ ಗ್ರಂಥಗಳಲ್ಲಿ ಹತ್ತಕ್ಕೆ ಒಂಬತ್ತು ಈ ಬಗೆಯವು. ಹತ್ತನೆಯದು ಬೇರೆ. ಚಾರ್ಲ್ಸ್ ಲ್ಯಾಂಬನೂ ಅವನ ಸೋದರಿ ಮೇರಿಯೂ 1807ರಲ್ಲಿ ಷೇಕ್ಸ್‌ಪಿಯರನ ನಾಟಕಗಳನ್ನು ಮಕ್ಕಳಿಗಾಗಿ ಕಥೆಗಳನ್ನಾಗಿ ಹೇಳಿದರಲ್ಲ, ಅದು ಸರಳೀಕರಣವಾಗಿಯೂ ಸ್ವಯಂ ಸಾಹಿತ್ಯವಾಯಿತು. ಕಾರಣವು ಸ್ಪಷ್ಟ: ಅವರು ಶಬ್ದಗಳನ್ನು ಎಣಿಸಲಿಲ್ಲ, ಎದುರಿಗೆ ಕುಳಿತ ಮಗುವನ್ನು ನೆನೆದು ಹೇಳಿದರು.

ಈಚಿನ ಐವತ್ತು ವರ್ಷಗಳಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿದೆ. 1970ರ ದಶಕದಿಂದ ಈಚೆಗೆ, ವರ್ತಮಾನಪತ್ರಿಕೆ, ರೈಲಿನ ವೇಳಾಪಟ್ಟಿ, ಅಂಗಡಿಯ ರಶೀದಿ, ಆಕಾಶವಾಣಿಯ ಸುದ್ದಿ, ಇಂಥವನ್ನೇ ಮೊದಲ ದಿನದಿಂದ ವಿದ್ಯಾರ್ಥಿಯ ಮುಂದೆ ಹರಡಬೇಕೆಂಬ ಮತವು ಬಲವಾಯಿತು. ಒಲ್ಲೆಂಡಾರ್ಫನ ಟೋಪಿಗಿಂತ ರೈಲಿನ ವೇಳಾಪಟ್ಟಿ ಮೇಲೆಂಬುದರಲ್ಲಿ ಸಂದೇಹವಿಲ್ಲ. ಆದರೆ ವೇಳಾಪಟ್ಟಿಯನ್ನು ರೈಲು ಹತ್ತತಕ್ಕವನು ಓದುತ್ತಾನೆ. ಎಲ್ಲಿಗೂ ಹೋಗಬೇಕಾಗಿಲ್ಲದ ಇಪ್ಪತ್ತು ಮಂದಿ ಕೊಠಡಿಯಲ್ಲಿ ಕುಳಿತು ಅದನ್ನು ಪಠಿಸಿದರೆ ಅದೂ ಒಂದು ಬಗೆಯ ಶಬ್ದಮಂಜರಿಯೇ ಆಗುತ್ತದೆ.

ಹಾಗಾದರೆ ಸಹಜಪಾಠವು ನಿಜವಾಗಿ ಫಲಿಸಿದ ಉದಾಹರಣೆ ಉಂಟೆ? ಉಂಟು, ಅದೂ ಸಂಸ್ಕೃತದ ಚರಿತ್ರೆಯಲ್ಲಿಯೇ. ಫ್ರಾಂಜ್ ಬಾಪ್ಪನೆಂಬ ಜರ್ಮನ್ ಪಂಡಿತನು ಪ್ಯಾರಿಸಿನಲ್ಲಿ ಸಂಸ್ಕೃತವನ್ನು ಅಭ್ಯಾಸಮಾಡಿ, 1819ರಲ್ಲಿ ಲಂಡನ್ನಿನಲ್ಲಿ ಮಹಾಭಾರತದ ನಳೋಪಾಖ್ಯಾನವನ್ನು ಲ್ಯಾಟಿನ್ ಅನುವಾದದೊಡನೆ ಅಚ್ಚುಹಾಕಿಸಿದನು. ಅಂದಿನಿಂದ ಯೂರೋಪಿನ ಸಂಸ್ಕೃತವಿದ್ಯಾರ್ಥಿಗೆ ನಳನೇ ಓನಾಮ. 1884ರಲ್ಲಿ ಅಮೆರಿಕದ ಲ್ಯಾನ್ಮನ್ನನು ಸಿದ್ಧಪಡಿಸಿದ ಸಂಸ್ಕೃತವಾಚಿಕೆಯೂ ನಳೋಪಾಖ್ಯಾನದ ಮೊದಲ ಐದು ಸರ್ಗಗಳಿಂದಲೇ ಆರಂಭವಾಗುತ್ತದೆ. ಹಿತೋಪದೇಶ, ಕಥಾಸರಿತ್ಸಾಗರ, ಮನುಸ್ಮೃತಿ, ಕಡೆಗೆ ಋಗ್ವೇದ, ಇವು ಆಮೇಲೆ. ವ್ಯಾಕರಣದ ಸುಲಭಕ್ರಮವನ್ನು ನೋಡಿದರೆ ಈ ಆಯ್ಕೆ ಸರಿಯಲ್ಲ. ಮೊದಲನೆಯ ಶ್ಲೋಕದಲ್ಲಿಯೇ ಅನದ್ಯತನಭೂತದ ರೂಪ ಬಂದು ನಿಲ್ಲುತ್ತದೆ. ಲಟ್ಟಿನಿಂದ ಮೊದಲುಮಾಡುವ ಉಪಾಧ್ಯಾಯನಿಗೆ ಇದಕ್ಕಿಂತ ಅಪಶಕುನವುಂಟೆ? ಆದರೂ ವಿದ್ಯಾರ್ಥಿ ಸೋಲುವುದಿಲ್ಲ. ಇತಿಹಾಸದ ಅನುಷ್ಟುಪ್ಪು ಕುದುರೆಯ ಹದವಾದ ನಡಿಗೆಯಂತೆ ಸಾಗುತ್ತದೆ, ಸಮಾಸಗಳು ಮೊಳದುದ್ದವಲ್ಲ, ಸಂಬೋಧನೆಗಳೂ ಪಾದಪೂರಣಗಳೂ ಮತ್ತೆಮತ್ತೆ ಬಂದು ಕಂಡ ಮುಖಗಳಂತೆ ನಗುತ್ತವೆ, ಎಲ್ಲಕ್ಕೂ ಮಿಗಿಲಾಗಿ, ಮುಂದೇನಾಯಿತೆಂಬ ಆತುರವು ಧಾತುರೂಪವನ್ನು ತಾನಾಗಿ ಹುಡುಕಿಸುತ್ತದೆ. ಹಂಸವು ಬಂದು ನುಡಿದ ಮೇಲೆ ದಮಯಂತಿಯ ಗತಿ ಏನೆಂದು ತಿಳಿಯದೆ ಪುಸ್ತಕವನ್ನು ಮುಚ್ಚುವವನಾರು?

ಆ ಐದನೆಯ ಸರ್ಗದಲ್ಲಿಯೇ ಪ್ರಕೃತ ವಿಷಯಕ್ಕೆ ಒದಗುವ ಸಂಗತಿಯೊಂದಿದೆ. ಸ್ವಯಂವರಮಂಟಪದಲ್ಲಿ ನಾಲ್ವರು ದೇವತೆಗಳು ನಳನ ರೂಪವನ್ನೇ ತಳೆದು ಅವನೊಡನೆ ಸಾಲಾಗಿ ನಿಂತಿದ್ದಾರೆ. ನಿಜವಾದ ನಳನಾರೆಂದು ದಮಯಂತಿ ತಿಳಿದದ್ದು ಹೇಗೆ? ದೇವತೆಗಳು ಬೆವರುವುದಿಲ್ಲ, ಎವೆಯಿಕ್ಕುವುದಿಲ್ಲ, ಅವರ ಹೂಮಾಲೆ ಬಾಡಿಲ್ಲ, ಅಡಿಗಳು ನೆಲವನ್ನು ಸೋಕಿಲ್ಲ. ನಳನಿಗೋ ನೆರಳಿದೆ, ಮೈಮೇಲೆ ಧೂಳಿದೆ, ಬೆವರಿದೆ, ಮಾಲೆ ಬಾಡಿದೆ. ವಾಚಿಕೆಗಳಿಗಾಗಿ ಕಟ್ಟಿದ ವಾಕ್ಯಗಳು ಆ ದೇವತೆಗಳಂತೆ. ದೋಷವಿಲ್ಲ, ನೆರಳೂ ಇಲ್ಲ. ಯಾರೋ ಯಾರಿಗೋ ಒಂದು ಗಳಿಗೆಯಲ್ಲಿ ಆಡಿದ ಮಾತಿನ ಮೇಲೆ ಆ ಗಳಿಗೆಯ ಧೂಳು ಇದ್ದೇ ಇರುತ್ತದೆ.

ಸ್ವೀಟನ ಇಕ್ಕಟ್ಟಿಗೆ ಭಾರತದಲ್ಲಿ ಅವನಿಗಿಂತ ಹನ್ನೆರಡು ಶತಮಾನಗಳಿಗೂ ಹಿಂದೆ ಒಬ್ಬನು ಉತ್ತರ ಕೊಟ್ಟಿದ್ದನೆಂಬುದನ್ನು ಇಲ್ಲಿ ನೆನೆಯಬೇಕು. ವಲಭಿಯಲ್ಲಿದ್ದ ಭಟ್ಟಿಯು ಇಪ್ಪತ್ತೆರಡು ಸರ್ಗಗಳಲ್ಲಿ ರಾಮಕಥೆಯನ್ನು ಹೇಳುತ್ತ ಪಾಣಿನಿಯ ವ್ಯಾಕರಣಕ್ಕೆ ಉದಾಹರಣೆಗಳನ್ನು ಹೆಣೆದನು. ಕಡೆಯ ಒಂಬತ್ತು ಸರ್ಗಗಳು ಒಂದೊಂದು ಲಕಾರಕ್ಕೆ ಮೀಸಲು. ಇದು ಕಲ್ಪಿತಪಾಠದ ಪರಮಾವಧಿಯೆಂದೇ ಹೇಳಬೇಕು. ಆದರೂ ಹದಿನಾರನೆಯ ಸರ್ಗವನ್ನು ನೋಡಿ: ಬಂಧುಗಳನ್ನು ಕಳೆದುಕೊಂಡ ರಾವಣನು ಇನ್ನು ತನಗೆ ಏನು ಉಳಿಯುವುದು, ರಾಜ್ಯದಿಂದ ಏನಾಗುವುದು ಎಂದು ಗೋಳಿಡುತ್ತಾನೆ, ಗೋಳೆಲ್ಲವೂ ಲೃಟ್ಟಿನಲ್ಲಿ. ದಿಕ್ಕುಗೆಟ್ಟವನ ಮಾತು ಮುಂದಿನ ಕಾಲದಲ್ಲಿ ಅಲ್ಲದೆ ಮತ್ತೆಲ್ಲಿ ಹರಿದೀತು? ವ್ಯಾಕರಣವು ಇಲ್ಲಿ ಕಥೆಯ ಮೇಲೆ ಹೇರಿದ ಹೊರೆಯಲ್ಲ. ಆ ಸಂದರ್ಭಕ್ಕೆ ಆ ಲಕಾರವೇ ತಕ್ಕದ್ದು. ಎಲ್ಲ ಸರ್ಗಗಳೂ ಇಷ್ಟು ಚೆನ್ನಾಗಿಲ್ಲವೆಂಬುದೂ ದಿಟ. ವ್ಯಾಖ್ಯಾನವಿಲ್ಲದೆ ತನ್ನ ಕಾವ್ಯವು ತಿಳಿಯದೆಂದು ಭಟ್ಟಿಯೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಆ ಹೆಮ್ಮೆ ಅಷ್ಟು ಮೆಚ್ಚತಕ್ಕದ್ದಲ್ಲ. ಆದರೆ ಇದೇ ಭಟ್ಟಿಕಾವ್ಯವು ಸಮುದ್ರವನ್ನು ದಾಟಿ ಜಾವಾದ್ವೀಪಕ್ಕೆ ಹೋಗಿ, ಅಲ್ಲಿಯ ಪ್ರಾಚೀನ ಭಾಷೆಯ ರಾಮಾಯಣಕ್ಕೆ ಮುಖ್ಯ ಆಧಾರವಾಯಿತು. ವ್ಯಾಕರಣಪಾಠವೆಂದು ಹೊರಟದ್ದು ಪರದೇಶದಲ್ಲಿ ಕಾವ್ಯಬೀಜವಾಯಿತು. ಸಹಜ, ಕಲ್ಪಿತ ಎಂಬ ಗೆರೆಯನ್ನು ಗೋಡೆಯಂತೆ ಎಳೆಯುವವರು ಈ ಸಂಗತಿಗೆ ಉತ್ತರ ಹೇಳಬೇಕಾಗುತ್ತದೆ.

ಸಂಸ್ಕೃತ ಪಾಠಶಾಲೆಗಳ ಹಳೆಯ ಪದ್ಧತಿಯನ್ನು ಈ ದೃಷ್ಟಿಯಿಂದ ನೋಡಿದರೆ ಅದರ ಗುಣವೂ ದೋಷವೂ ಒಟ್ಟಿಗೆ ತಿಳಿಯುತ್ತವೆ. ಶಬ್ದ, ಧಾತು, ಅಮರ, ಇವು ಬಾಯಿಗೆ ಬಂದ ಕೂಡಲೆ ಹುಡುಗನನ್ನು ರಘುವಂಶಕ್ಕೆ ಕೂರಿಸುತ್ತಿದ್ದರು. ನಡುವೆ ಸರಳವಾಚಿಕೆಯಿಲ್ಲ. ಕಾಳಿದಾಸನ ಒಂದು ಅಕ್ಷರವನ್ನೂ ಯಾರೂ ತಿದ್ದಿ ಸುಲಭಮಾಡಲಿಲ್ಲ; ಮಾಡಿದ ಸಹಾಯವೆಲ್ಲ ಶ್ಲೋಕದ ಹೊರಗೆ. ಪದಚ್ಛೇದ, ಅನ್ವಯ, ಪ್ರತಿಪದಾರ್ಥ, ತಾತ್ಪರ್ಯ, ಅದರ ಮೇಲೆ ಮಲ್ಲಿನಾಥನ ವ್ಯಾಖ್ಯಾನ. ಹಣ್ಣು ಎತ್ತರದಲ್ಲಿದ್ದರೆ ಕೊಂಬೆಯನ್ನು ಕಡಿಯದೆ ಏಣಿಯನ್ನು ಇಟ್ಟರು. ವೆಸ್ಟನ ಮಾರ್ಗಕ್ಕೂ ಇದಕ್ಕೂ ಇರುವ ಅಂತರವು ಇಲ್ಲಿದೆ. ಎರಡರಲ್ಲಿ ಸಾಹಿತ್ಯಕ್ಕೆ ಮರ್ಯಾದೆ ಹೆಚ್ಚಾಗಿರುವುದು ಯಾವುದರಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲ.

ದೋಷವನ್ನೂ ಮುಚ್ಚಿಡಬಾರದು. ಹತ್ತು ವರ್ಷ ಹೀಗೆ ಓದಿ ದಿಲೀಪನ ಗೋಸೇವೆಯನ್ನು ಕಣ್ಣಿಗೆ ಕಟ್ಟುವಂತೆ ವಿವರಿಸಬಲ್ಲವನು, ಕಾಶಿಯಲ್ಲಿ ಬಂಗಾಳದ ಸಹಪಾಠಿಯೊಡನೆ ಬಾವಿಯ ಹಗ್ಗ ಎಲ್ಲಿದೆಯೆಂದು ಸಂಸ್ಕೃತದಲ್ಲಿ ಕೇಳಲಾರದೆ ತಡವರಿಸಬಹುದು. ಕಾವ್ಯವು ಸಹಜವೇ, ಆದರೆ ಅದು ಬಾವಿಕಟ್ಟೆಯ ಸಹಜವಲ್ಲ. ರಾಮಕೃಷ್ಣ ಗೋಪಾಲ ಭಂಡಾರಕರರು 1860ರ ದಶಕದಲ್ಲಿ ಬರೆದ ಎರಡು ಮಾರ್ಗೋಪದೇಶಿಕೆಗಳು ಪಾಠಪಾಠಕ್ಕೂ ನಿಯಮ, ವಾಕ್ಯ, ಶಬ್ದಪಟ್ಟಿ ಎಂಬ ಯೂರೋಪಿನ ಕ್ರಮವನ್ನು ಹಿಡಿದದ್ದು ಹಳೆಯ ಪದ್ಧತಿಯಲ್ಲಿದ್ದ ಇಂಥ ತೆರಪುಗಳನ್ನು ಕಂಡೇ ಇರಬೇಕು. ಪಂಡಿತರು ಆ ಪುಸ್ತಕಗಳನ್ನು ಕಂಡು ಮೂಗುಮುರಿದದ್ದುಂಟು. ಅವುಗಳಿಂದ ಕಲಿತವರ ಸಂಖ್ಯೆಯ ಮುಂದೆ ಆ ಮೂಗುಮುರಿಯುವಿಕೆ ನಿಲ್ಲಲಿಲ್ಲ.

ಇನ್ನು ಕನ್ನಡವೇ ಪರಭಾಷೆಯಾದಾಗ ಏನಾಯಿತೆಂಬುದನ್ನು ನೋಡಬೇಕು. ಕಂಪೆನಿಯ ತರುಣ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲು ಮದರಾಸಿನಲ್ಲಿ 1812ರಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಏರ್ಪಟ್ಟಿತು. ಮೆಕೆರೆಲ್ಲನ ಕನ್ನಡ ವ್ಯಾಕರಣವು 1820ರಲ್ಲಿ ಹೊರಬಿತ್ತು. ವ್ಯಾಕರಣವಿದ್ದರೆ ಸಾಲದು, ಓದಲು ಗ್ರಂಥ ಬೇಕು. ಕಾವ್ಯಗಳೆಲ್ಲ ತಾಳೆಗರಿಯಲ್ಲಿದ್ದವು. ಈ ಕೊರತೆಯನ್ನು ನೀಗಲು ಹೊರಟವರಲ್ಲಿ ಮುಖ್ಯನು ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್. 1843ರಲ್ಲಿ ಮಂಗಳೂರು ಸಮಾಚಾರವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ವರ್ತಮಾನಪತ್ರಿಕೆಯನ್ನು ಕೊಟ್ಟವನೇ, 1848ರಿಂದ ಕ್ಯಾಸಮೇಜರನ ಧನಸಹಾಯದಿಂದ ಬಿಬ್ಲಿಯೋಥಿಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಅಚ್ಚಿಗೆ ತಂದನು. ಧರ್ಮಪ್ರಚಾರಕ್ಕೆ ಬಂದವನು ಪರಮತದ ಗ್ರಂಥಗಳಿಗೆ ಇಷ್ಟು ಶ್ರಮಪಟ್ಟದ್ದು, ಜನರ ಬಾಯಲ್ಲಿರುವುದನ್ನು ಓದದೆ ಜನರ ಭಾಷೆ ಬಾರದೆಂಬ ಅರಿವಿನಿಂದ. ದಾಸರ ಪದವನ್ನು ಹೊಲದಲ್ಲಿಯೂ ಕೇಳಬಹುದು, ಅಡಿಗೆಮನೆಯಲ್ಲಿಯೂ ಕೇಳಬಹುದು. ಪುಸ್ತಕದಲ್ಲಿ ಕಲಿತದ್ದು ಬೀದಿಯಲ್ಲಿ ಎದುರಾಗುವಂಥ ಪಾಠ ಅದು. ಈ ಆಯ್ಕೆಯಲ್ಲಿ ಮೋಗ್ಲಿಂಗನ ವಿಮರ್ಶನಶಕ್ತಿ ತೋರುತ್ತದೆ.

ಜೈಮಿನಿಯ ಮಾತು ಬೇರೆ. 1852ರಲ್ಲಿ ವೆಸ್ಲಿಯನ್ ಮಿಷನ್ನಿನ ಸ್ಯಾಂಡರ್ಸನ್ನನು ಅದನ್ನು ಇಂಗ್ಲೀಷ್ ಅನುವಾದದೊಡನೆ ಬೆಂಗಳೂರಿನಲ್ಲಿ ಪ್ರಕಟಿಸಿದನು. ಲಕ್ಷ್ಮೀಶನ ವಾರ್ಧಕಷಟ್ಪದಿಯ ನಾದಕ್ಕೆ ಮನಸೋಲದ ಕನ್ನಡಿಗನಿಲ್ಲ. ಆದರೆ ಆ ನಾದವನ್ನೇ ಬಾಯಿಪಾಠಮಾಡಿದ ಪರದೇಶಿ ಅಧಿಕಾರಿಯೊಬ್ಬನು ಜಮಾಬಂದಿಗೆ ಕುಳಿತನೆಂದು ಭಾವಿಸಿ. ರೈತನು ಮಳೆ ಹೋಯಿತು, ಎತ್ತು ಸತ್ತಿತು, ಕಂದಾಯಕ್ಕೆ ಗಡುವು ಬೇಕು ಎಂದು ಗೋಗರೆಯುತ್ತಿದ್ದರೆ, ಸಾಹೇಬನಿಗೆ ಎತ್ತಿಗೆ ವೃಷಭ, ಮಳೆಗೆ ವರ್ಷ ಎಂಬ ಶಬ್ದಗಳು ಮಾತ್ರ ನೆನಪಿಗೆ ಬಂದರೆ ನ್ಯಾಯವೆಲ್ಲಿ? ಇಲ್ಲಿ ಪಾಠದ ಆಯ್ಕೆಯು ಒಂದು ಕುಟುಂಬದ ಕಂದಾಯದ ಪ್ರಶ್ನೆಯಾಗುತ್ತದೆ. ಕಡಪೆಯ ಸೀಮೆಯಲ್ಲಿ ಕೆಲಸಮಾಡಿದ ಸಿ. ಪಿ. ಬ್ರೌನನು ಇದನ್ನು ಚೆನ್ನಾಗಿ ಅರಿತಿದ್ದನು. 1829ರಲ್ಲಿ ವೇಮನನ ಪದ್ಯಗಳನ್ನು ಅನುವಾದಿಸಿದ ಆತನೇ 1850ರ ದಶಕದ ಆರಂಭದಲ್ಲಿ ತಂದ ತೆಲುಗುವಾಚಿಕೆಯಲ್ಲಿ ಖಾಸಗಿ ಕಾಗದಗಳನ್ನೂ ವ್ಯವಹಾರದ ಪತ್ರಗಳನ್ನೂ ಪೋಲೀಸು ಮತ್ತು ಕಂದಾಯದ ಕಡತಗಳ ಬರಹವನ್ನೂ ಸೇರಿಸಿದನು. ತಪ್ಪುತಪ್ಪಾಗಿ ಬರೆದ ಅರ್ಜಿಯೂ ಓದತಕ್ಕ ಗ್ರಂಥವೆಂದು ಗಣಿಸಲು ಧೈರ್ಯ ಬೇಕು.

ಕಿಟ್ಟೆಲನ ಹಿರಿಮೆಯು ಈ ಎರಡು ದಾರಿಗಳನ್ನೂ ಒಂದುಗೂಡಿಸಿದುದರಲ್ಲಿದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವನ ನಿಘಂಟಿನಲ್ಲಿ ಹಳಗನ್ನಡ ಕವಿಗಳ ಪ್ರಯೋಗವೂ ಬೀದಿಯ ಗಾದೆಯೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಅವನೇ 1872ರಲ್ಲಿ ಪ್ರಕಟಿಸಿದ ಶಬ್ದಮಣಿದರ್ಪಣವನ್ನು ಬರೆದ ಕೇಶಿರಾಜನು ಹದಿಮೂರನೆಯ ಶತಮಾನದವನು. ತಾನು ಆಧಾರಮಾಡಿಕೊಂಡ ಗಜಗ, ಗುಣನಂದಿ, ಅಸಗ, ಶ್ರೀವಿಜಯ, ಪಂಪ, ಪೊನ್ನ ಮೊದಲಾದವರ ಹೆಸರುಗಳನ್ನು ಹೇಳಿ, ಸೂತ್ರಸೂತ್ರಕ್ಕೂ ಅಂಥ ಕವಿಗಳ ಪ್ರಯೋಗವನ್ನು ತೋರಿಸುತ್ತಾನೆ. ನಿಯಮವು ಪ್ರಯೋಗದ ಹಿಂದೆ ನಡೆಯತಕ್ಕದ್ದೆಂಬುದು ಕನ್ನಡಕ್ಕೆ ಹೊಸ ಪಾಠವೇನಲ್ಲ.

ಆದರೂ ಬರೆದದ್ದಕ್ಕೂ ಆಡುವುದಕ್ಕೂ ಇರುವ ದೂರವು ಕನ್ನಡ ಕಲಿಯುವವನಿಗೆ ದೊಡ್ಡ ತೊಡಕು. ಪುಸ್ತಕವು ‘ಬರುತ್ತೇನೆ’ ಎನ್ನುತ್ತದೆ. ಮೈಸೂರಿನವನು ‘ಬರ್ತೀನಿ’, ಧಾರವಾಡದವನು ‘ಬರ್ತೇನ್ರೀ’, ಕುಂದಾಪುರದವನು ‘ಬತ್ತೆ’ ಎಂದರೆ ಕಲಿತವನು ಕಂಗಾಲಾಗುತ್ತಾನೆ. 1958ರಲ್ಲಿ ವಿಲಿಯಂ ಬ್ರೈಟನು ಪುಣೆಯ ಡೆಕ್ಕನ್ ಕಾಲೇಜಿನಿಂದ ಆಡುಗನ್ನಡದ ರೂಪರೇಖೆಯನ್ನು ಪ್ರಕಟಿಸುವವರೆಗೆ ಪರದೇಶದ ವಿದ್ಯಾರ್ಥಿಗೆ ಆಡುಮಾತಿನ ಶಾಸ್ತ್ರೀಯ ವಿವರಣೆ ದೊರೆಯುವುದು ಕಷ್ಟವಾಗಿತ್ತು. ರೂಪಗಳ ತೊಡಕಾದರೂ ಪಟ್ಟಿಮಾಡಿ ಬಿಡಿಸಬಹುದು. ನಡೆಯ ತೊಡಕನ್ನು ಪಟ್ಟಿಯಿಂದ ಬಿಡಿಸಲಾಗದು. ಬಂದ ಅತಿಥಿಯು ಎದ್ದು ಹೊರಡುವಾಗ ‘ಬರ್ತೀನಿ’ ಎನ್ನುತ್ತಾನೆ. ಮನೆಯ ಯಜಮಾನನು ‘ಹೋಗಿ ಬನ್ನಿ’ ಎನ್ನುತ್ತಾನೆ. ಕಲ್ಪಿತಪಾಠವನ್ನು ಓದಿದವನು, ಹೊರಡುವವನಿಗೆ ತಕ್ಕ ಕ್ರಿಯಾಪದವೆಂದು ‘ಹೋಗುತ್ತೇನೆ’ ಎಂದುಬಿಡುತ್ತಾನೆ. ವ್ಯಾಕರಣದಲ್ಲಿ ಲೋಪವಿಲ್ಲ, ಹೊಸಿಲ ಬಳಿ ನಿಂತ ಅಜ್ಜಿಯ ಮುಖ ಮಾತ್ರ ಕಪ್ಪಿಡುತ್ತದೆ. ಆ ಒಂದು ‘ಬರ್ತೀನಿ’ಯಲ್ಲಿ ಮರಳುವ ಮಾತು ಅಡಗಿದೆಯೆಂಬುದನ್ನು ಯಾವ ಧಾತುಪಟ್ಟಿ ಹೇಳೀತು?

ಸಹಜಪಾಠವೆಂದರೆ ಮಹಾಕಾವ್ಯವೇ ಆಗಬೇಕೆಂದಿಲ್ಲ. ಮದುವೆಯ ಲಗ್ನಪತ್ರಿಕೆಯನ್ನು ತೆಗೆದುಕೊಳ್ಳಿ. ಒಂದು ಪುಟ, ಆದರೆ ಇದಕ್ಕಿಂತ ತುಂಬಿದ ಪಾಠವು ಹುಡುಕಿದರೂ ಸಿಕ್ಕದು. ಸಂವತ್ಸರ, ಮಾಸ, ಪಕ್ಷ, ತಿಥಿಗಳು ಒಂದು ಕಡೆ, ಇಂಗ್ಲೀಷು ತಾರೀಖು ಇನ್ನೊಂದು ಕಡೆ. ಒಂದೇ ಮನೆಯಲ್ಲಿ ಎರಡು ಕಾಲಗಣನೆಗಳು ಜಗಳವಾಡದೆ ಇರುವ ಬಗೆ ಅಲ್ಲಿ ಕಾಣುತ್ತದೆ. ವರನಿಗೆ ‘ಚಿ|| ರಾ||’, ವಧುವಿಗೆ ‘ಚಿ|| ಸೌ||’. ತಾಳಿ ಕಟ್ಟುವುದಕ್ಕೆ ಮೊದಲೇ ಅವಳು ಸೌಭಾಗ್ಯವತಿಯಾದದ್ದೇಕೆಂದು ಕಲಿಯುವವನು ಕೇಳಿದರೆ ಉಪಾಧ್ಯಾಯನು ಅರ್ಧ ಗಂಟೆ ಮಾತನಾಡಬೇಕಾದೀತು. ಜ್ಯೇಷ್ಠಪುತ್ರ, ದ್ವಿತೀಯಪುತ್ರಿ, ಆಹ್ವಾನಿಸುವ ಅಜ್ಜ, ದೊಡ್ಡಪ್ಪ, ಸೋದರಮಾವ, ಅವರ ಹೆಸರುಗಳ ಕ್ರಮ; ಗೌರವಬಹುವಚನ ಎಲ್ಲಿ ಬಂತು, ಎಲ್ಲಿ ಬರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದಿರುತ್ತದೆ. ಇದನ್ನು ಅಕ್ಷರಶಃ ನಂಬಿ ಬರಿಗೈಯಲ್ಲಿ ಹೋಗಬಹುದೆ ಎಂಬುದಕ್ಕೆ ಉತ್ತರವು ಮನೆಯಿಂದ ಮನೆಗೆ ಬೇರೆ. ಆ ಉತ್ತರವನ್ನು ಹುಡುಕುವಷ್ಟರಲ್ಲಿ ಪರದೇಶಿಯು ಕನ್ನಡದ ಮನೆಯೊಳಗೆ ಎರಡು ಹೆಜ್ಜೆ ಇಟ್ಟಿರುತ್ತಾನೆ.

ಇದಕ್ಕೆ ಎದುರಾಗಿ ಇಂದು ಅಂಗಡಿಗಳಲ್ಲಿ ಮಾರಾಟವಾಗುವ ‘ಇಷ್ಟು ದಿನಗಳಲ್ಲಿ ಕನ್ನಡ’ ಎಂಬ ಬಗೆಯ ಪುಸ್ತಕಗಳನ್ನು ಇಟ್ಟು ನೋಡಬೇಕು. ಹೆಸರುಗಳನ್ನು ಹೇಳುವುದರಿಂದ ಪ್ರಯೋಜನವಿಲ್ಲ, ಅಚ್ಚು ಒಂದೇ. ಬಾ, ಹೋಗು, ತಾ, ನಿಲ್ಲಿಸು, ಬೇಗ ಮಾಡು, ಎಷ್ಟು, ಕಡಿಮೆ ಮಾಡು. ಆಂಗ್ಲ ಅಧಿಕಾರಿಗಳ ಕಾಲದ ಮಾತುಪುಸ್ತಕಗಳಿಗೂ ಇವಕ್ಕೂ ಇರುವ ಸಾಮ್ಯವು ಆಕಸ್ಮಿಕವಲ್ಲ. ಅಂದಿನದು ಬಟ್ಲರನಿಗೂ ಕುದುರೆಯಾಳಿಗೂ ಆಜ್ಞೆ. ಇಂದಿನದು ಕೆಲಸದವಳಿಗೂ ಗಾಡಿ ನಡೆಸುವವನಿಗೂ ಆಜ್ಞೆ. ಬೆಂಗಳೂರಿಗೆ ಜೀವನೋಪಾಯಕ್ಕಾಗಿ ಬಂದ ಹೊರನಾಡಿನ ತರುಣನು ದುಷ್ಟನಲ್ಲ. ಪುಸ್ತಕವು ಅವನಿಗೆ ಲೋಟ್ಟನ್ನು ಮಾತ್ರ ಕಲಿಸಿತು, ಅದೂ ಏಕವಚನದಲ್ಲಿ. ತಂದೆಯ ವಯಸ್ಸಿನ ಆಟೋ ಚಾಲಕನಿಗೆ ಅವನು ‘ಬಾ’ ಎನ್ನುತ್ತಾನೆ, ಆತನು ಮುಖ ತಿರುಗಿಸುತ್ತಾನೆ, ಕನ್ನಡದವರು ಒರಟರೆಂದು ಈತನೂ, ಹೊರಗಿನವರು ಅಹಂಕಾರಿಗಳೆಂದು ಆತನೂ ತೀರ್ಮಾನಿಸುತ್ತಾರೆ. ‘ಬನ್ನಿ’ ಎಂಬ ಎರಡಕ್ಷರದ ಶಬ್ದವು ಪುಸ್ತಕದ ಮೊದಲ ಪುಟದಲ್ಲಿದ್ದಿದ್ದರೆ ಇಷ್ಟಾಗುತ್ತಿರಲಿಲ್ಲ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಭಾರತೀಯ ಭಾಷಾ ಸಂಸ್ಥಾನವು ಅನ್ಯಪ್ರಾಂತದ ಉಪಾಧ್ಯಾಯರಿಗೆ ತಿಂಗಳುಗಟ್ಟಲೆ ಕನ್ನಡವನ್ನು ಕಲಿಸುವ ಏರ್ಪಾಟು ಮಾಡಿತೆಂಬುದು ಸಂತೋಷದ ವಿಷಯ. ಆದರೆ ಅಂಗಡಿಯ ಪುಸ್ತಕವು ಹೋಗುವಷ್ಟು ಕೈಗಳಿಗೆ ಸಂಸ್ಥಾನದ ಪಾಠ ಹೋಗಲಾರದು.

ಇಂಗ್ಲೆಂಡಿನ ವಿಡೋಸನ್ನನು 1978ರಲ್ಲಿ ಈ ಚರ್ಚೆಗೆ ಸೂಕ್ಷ್ಮವಾದ ಭೇದವೊಂದನ್ನು ತಂದನು. ಬರಹವು ಅಸಲಾಗಿರುವುದು ಬೇರೆ, ಓದುಗನು ಅದಕ್ಕೆ ತಕ್ಕಂತೆ ಸ್ಪಂದಿಸಿ ಅದನ್ನು ತನ್ನದಾಗಿ ಮಾಡಿಕೊಳ್ಳುವುದು ಬೇರೆ. ಮೊದಲನೆಯದು ಬರಹದ ಗುಣ, ಎರಡನೆಯದು ಬರಹಕ್ಕೂ ಓದುಗನಿಗೂ ನಡುವಣ ಸಂಬಂಧ. ಹೊಸ ಮಾತೆಂದು ಇದು ಬಹಳ ಚರ್ಚೆಗೆ ಬಂತು. ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಹೇಳದೆ ಮುಂದುವರಿಯದ ದೇಶದಲ್ಲಿ ಇದು ಅಷ್ಟು ಹೊಸದಲ್ಲ. ವೇಳಾಪಟ್ಟಿಗೆ ಪ್ರಯಾಣಿಕನು ಅಧಿಕಾರಿ, ಅರ್ಜಿಗೆ ಅಮಲ್ದಾರನು, ನಳೋಪಾಖ್ಯಾನಕ್ಕೆ ಕಥೆಯ ಹಸಿವುಳ್ಳವನು. ಆದರೆ ಪ್ರಾಚೀನರು ಅಧಿಕಾರಿಯನ್ನು ಬಾಗಿಲಲ್ಲಿ ನಿಲ್ಲಿಸಿ ಅರ್ಹತೆಯನ್ನು ಕೇಳಿದರು. ಇಂದಿನ ಉಪಾಧ್ಯಾಯನು ಅರ್ಹತೆಯನ್ನು ತಾನೇ ಉಂಟುಮಾಡಬೇಕಾಗಿದೆ. ವೇಳಾಪಟ್ಟಿಯನ್ನು ಓದಿಸುವವನು ಮೊದಲು ವಿದ್ಯಾರ್ಥಿಯನ್ನು ಎಲ್ಲಿಗಾದರೂ ಹೊರಡಿಸಬೇಕು.

ಹೊರಗಿನಿಂದ ಬಂದವರಿಗಾಗಿ ಒಂದು ಕನ್ನಡ ವಾಚಿಕೆಯನ್ನು ಸಂಕಲಿಸುವುದು ಜಿಲ್ಲಾ ಸಾಹಿತ್ಯ ಸಂಘಗಳಿಂದ ಆಗದ ಕೆಲಸವೇನಲ್ಲ. ಒಂದು ಲಗ್ನಪತ್ರಿಕೆ, ಮಗನಿಗೆ ತಾಯಿ ಬರೆಸಿದ ಒಂದು ಕಾಗದ, ಗ್ರಾಮ ಪಂಚಾಯಿತಿಗೆ ಕೊಟ್ಟ ನೀರಿನ ಅರ್ಜಿ, ಸಂತೆಯಲ್ಲಿ ನಡೆದ ಚೌಕಾಸಿಯನ್ನು ಇದ್ದಂತೆ ಬರೆದುಕೊಂಡದ್ದು, ಇಪ್ಪತ್ತು ಗಾದೆ, ಎರಡು ದಾಸರ ಪದ, ನಾಲ್ಕು ವಚನ, ಕನಕದಾಸರ ನಳಚರಿತ್ರೆಯಿಂದ ಸ್ವಯಂವರದ ಭಾಗ. ಮೂಲದಲ್ಲಿ ಒಂದಕ್ಷರವನ್ನೂ ತಿದ್ದಬಾರದು. ಎದುರು ಪುಟದಲ್ಲಿ ಪದಚ್ಛೇದ, ಪ್ರತಿಪದಾರ್ಥ, ಆಡುರೂಪ, ಯಾರು ಯಾರಿಗೆ ಹೇಳಿದರೆಂಬ ಸಂದರ್ಭ, ಇವನ್ನು ಧಾರಾಳವಾಗಿ ಕೊಡಬೇಕು. ಅರ್ಜಿಯಲ್ಲಿ ಕಾಗುಣಿತ ತಪ್ಪಿದ್ದರೆ ತಪ್ಪಿದ್ದಂತೆಯೇ ಅಚ್ಚಾಗಲಿ. ಪಂಚಾಯಿತಿಯ ಗುಮಾಸ್ತನು ಅದನ್ನು ಹಾಗೆಯೇ ಓದಿ ಅರ್ಥಮಾಡಿಕೊಂಡನಷ್ಟೆ.